ಎಡಗೈಯ ಸ್ವಯಂನಿವೃತ್ತಿ

ಕೆಲಸವಿಲ್ಲದ ಎಡಗೈಯನ್ನು ನಾಲ್ಕು ಜನರೆದುರು ಎಲ್ಲಿಟ್ಟುಕೊಳ್ಳಬೇಕೆಂಬುದು ಸಣ್ಣ ಸಮಸ್ಯೆಯೇನಲ್ಲ. ನೀವೇ ಪರೀಕ್ಷಿಸಿ ನೋಡಿ: ಜೇಬಿನಲ್ಲಿಟ್ಟರೆ ಅಹಂಕಾರಿಯೆನ್ನುತ್ತಾರೆ, ಸೊಂಟದ ಮೇಲಿಟ್ಟರೆ ಜಗಳಕ್ಕೆ ನಿಂತವನೆನ್ನುತ್ತಾರೆ, ಸುಮ್ಮನೆ ಇಳಿಬಿಟ್ಟರೆ ಅದು ಬೇರೆ ಯಾರದೋ ಕೈಯಂತೆ ತೂಗಾಡುತ್ತದೆ. ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದು ಮಣಿಪಾಲದ ಫ್ಲ್ಯಾಟಿನಲ್ಲಿ ಸಂಗೀತಸೇವೆಗೆ ಕುಳಿತ ನನಗೆ, ಬಜಗೋಳಿಯ ಗೆಳೆಯನೊಬ್ಬ ದುಬೈಯಿಂದ ತಂದುಕೊಟ್ಟ ಕೀಬೋರ್ಡು ಈ ಸಮಸ್ಯೆಯನ್ನೂ ತನ್ನೊಡನೆಯೇ ತಂದಿತು.

ಅದರಲ್ಲಿ ಕಾರ್ಡ್ ಸೀಕ್ವೆನ್ಸರ್ ಎಂಬ ಮಹಾಮಾಯೆಯೊಂದುಂಟು. ಹಾಡಿನ ಕಾರ್ಡುಗಳನ್ನು, ಎಂದರೆ ಒಟ್ಟಿಗೆ ಒತ್ತುವ ಸ್ವರಗುಚ್ಛಗಳನ್ನು, ಎಡಗೈ ಒಂದು ಸಲ ಒತ್ತಿ ಕಲಿಸಿದರೆ ಸಾಕು. ಮುಂದೆ ಯಂತ್ರವೇ ಅವನ್ನು ಅದೇ ಕ್ರಮದಲ್ಲಿ ಸುತ್ತುತ್ತಾ, ತಾಳ, ಬೇಸ್, ಪಿಟೀಲುವೃಂದ ಸಮೇತ ಹಿನ್ನೆಲೆ ನುಡಿಸುತ್ತದೆ. ಹೀಗೆ ನನ್ನ ಎಡಗೈಯೂ ನನ್ನ ಹಾದಿ ಹಿಡಿದು ಸ್ವಯಂನಿವೃತ್ತಿ ಪಡೆಯಿತು. ಅದು ಚಹಾ ಕುಡಿಸಿತು, ಕನ್ನಡಕ ಸರಿಪಡಿಸಿತು, ಉಡುಪಿ ಕಾರ್ಕಳಗಳ ಕಲ್ಯಾಣಮಂಟಪಗಳಲ್ಲಿ ಪರಿಚಿತರತ್ತ ಬೀಸಿತು. "ಒಂದೇ ಕೈಯಲ್ಲಿ ಇಡೀ ಆರ್ಕೆಸ್ಟ್ರಾ ಮಾರಾಯ್ರೆ" ಎಂದು ಜನ ಬೆರಗಾದಾಗ ವಿನಯದಿಂದ ತಲೆ ತಗ್ಗಿಸುವ ಕೆಲಸವೊಂದೇ ನನಗೆ ಉಳಿದಿತ್ತು. ಅದನ್ನು ಶ್ರದ್ಧೆಯಿಂದ ಮಾಡಿದೆ.

ಇಂಥ ಕೀರ್ತಿಯೊಡನೆ ಕಾಪುವಿಗೆ ಹೋದೆ. ನನ್ನ ತಾಯಿಯ ತಂಗಿ ಡುಲ್ಸಿನ್ ಮಾವ್ಶಿಯ ಮೊಮ್ಮಗಳಿಗೆ ರೋಸ್. ಎಂದರೆ, ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚಿ ವೊವಿಯೊ ಹಾಡುವ ನಮ್ಮ ಕೊಂಕಣಿ ಕ್ರಿಸ್ತುವರ ಪದ್ಧತಿ. ಮನೆಯ ಹಿರಿಯಳು ಒಂದೊಂದು ಚರಣದಲ್ಲಿ ಒಬ್ಬೊಬ್ಬರ ಹೆಸರನ್ನು ಆಗಿಂದಾಗಲೇ ಪೋಣಿಸಿ ಹಾಡಬೇಕು, ಉಳಿದ ಹೆಂಗಸರು ಮರುನುಡಿಯಬೇಕು. ಮದುಮಗಳ ತಾಯಿ, ಎಂದರೆ ಮಾವ್ಶಿಯ ಮಗಳು ಫ್ಲೇವಿಯಾ, ಕೆಲವು ವರ್ಷಗಳ ಹಿಂದೆ ತೀರಿಕೊಂಡಿದ್ದಳು. "ಅವಳಿಲ್ಲದಿದ್ದರೂ ಅವಳ ಹೆಸರು ಇರಬೇಕು ಅಲ್ವಾ" ಎಂದು ಮಾವ್ಶಿ ಫೋನಿನಲ್ಲಿ ಹೇಳಿ, ಹಾಡನ್ನೊಮ್ಮೆ ಗುನುಗಿದ್ದರು. ಆ ಗುನುಗನ್ನೇ ಅಳತೆ ಹಿಡಿದು ನಾನು ಯಂತ್ರಕ್ಕೆ ಪಾಠ ಹೇಳಿದ್ದೆ.

ಯಂತ್ರ ಮಹಾ ಶಿಸ್ತಿನದು. ಮಾವ್ಶಿಯದು ಚರಣಕ್ಕೊಂದು ಅಳತೆ. ಗಂಡನ ಹೆಸರು ಬಂದಾಗ ಎಳೆದರು, ಮಾತು ಬಿಟ್ಟ ನಾದಿನಿಯ ಹೆಸರು ಬಂದಾಗ ಬೇಗನೆ ಮುಗಿಸಿದರು. ಕಾರ್ಡುಗಳು ಒಂದು ಕಡೆ, ಹಾಡು ಇನ್ನೊಂದು ಕಡೆ; ನಡುವೆ ಬಲಗೈಯಿಂದ ರಾಜಿ ಮಾಡಿಸಲು ಹೆಣಗುತ್ತಾ ನಾನು ನಗುಮೊಗ ಮಾತ್ರ ಬಿಡಲಿಲ್ಲ. ಕೊನೆಗೆ ಫ್ಲೇವಿಯಾಳ ಚರಣ ಬಂತು. ಹೆಸರು ಬಾಯಿಗೆ ಬರುವಲ್ಲೇ ಮಾವ್ಶಿಯ ಸ್ವರ ನಿಂತಿತು. ಯಂತ್ರ ನಿಲ್ಲಲಿಲ್ಲ, ಡ್ರಮ್ಮು ಬಾರಿಸುತ್ತಾ ಮುಂದಿನವರ ಹೆಸರಿಗೆ ಹೊರಟೇಬಿಟ್ಟಿತು. ತೆಂಗಿನಹಾಲಿನಲ್ಲಿ ತೋಯ್ದ ಮದುಮಗಳು ನನ್ನತ್ತ ನೋಡಿದಳು. ನನಗೆ ನಾಚಿಕೆಯಾಯಿತು.

"ಅದಕ್ಕೆ ಸ್ವಲ್ಪ ನಿಲ್ಲಲಿಕ್ಕೆ ಹೇಳು ಮಗಾ" ಎಂದರು ಮಾವ್ಶಿ. "ನನಗೆ ಅವಳ ಹೆಸರು ಹೇಳಲಿಕ್ಕೆ ಉಂಟು."

ಡ್ರಮ್ಮು, ಬೇಸ್, ಪಿಟೀಲುವೃಂದ ಎಲ್ಲವನ್ನೂ ಬಂದ್ ಮಾಡಿ, ನಿವೃತ್ತ ಎಡಗೈಯನ್ನು ಮರಳಿ ಕೆಲಸಕ್ಕೆ ಕರೆದೆ. ಅದು ಒಂದೇ ಕಾರ್ಡನ್ನು ಒತ್ತಿಹಿಡಿದು ಬೆರಳು ನೋಯುವವರೆಗೂ ಕಾದಿತು. ಮಾವ್ಶಿ ಸೆರಗಿನಿಂದ ಮೂಗೊರೆಸಿ, ಉಸಿರೆಳೆದು, ಮಗಳ ಹೆಸರನ್ನು ತಮಗೆ ಬೇಕಾದಷ್ಟು ಉದ್ದಕ್ಕೆ ಹಾಡಿದರು. ಹೆಂಗಸರು ಅಷ್ಟೇ ಉದ್ದಕ್ಕೆ ಮರುನುಡಿದರು.

ಊಟದ ಹೊತ್ತಿಗೆ ನೆಂಟರೊಬ್ಬರು ಬಂದು, "ಇವತ್ತು ಎರಡೂ ಕೈ ಬೇಕಾಯ್ತಲ್ಲ, ಮೆಷಿನ್ ಹಾಳಾಯ್ತಾ ಎಂತ?" ಎಂದು ಮರುಕದಿಂದ ವಿಚಾರಿಸಿದರು. ನಾನು ಬಲಗೈಯಲ್ಲಿ ಇಡ್ಲಿಯಂಥ ಸನ್ನಾ ಮುರಿಯುತ್ತಾ ಕುಳಿತೆ. ಎಡಗೈಯನ್ನು ಎಲ್ಲಿಟ್ಟುಕೊಳ್ಳುವುದೆಂಬ ಚಿಂತೆ ಮಾತ್ರ ಅಂದಿರಲಿಲ್ಲ. ಪಕ್ಕದಲ್ಲಿ ಕುಳಿತ ಮಾವ್ಶಿ ಅದನ್ನು ಹಿಡಿದುಕೊಂಡಿದ್ದರು.