ಬಚ್ಚಲ ಒಲೆಗೆ ಬೀಳದ ಕವರುಗಳು

ಬನವಾಸಿಯ ಆ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಹೊಗೆ ಏಳುತ್ತಿದ್ದದ್ದು ಸಾವಿತ್ರವ್ವನ ಬಚ್ಚಲ ಮನೆಯಿಂದ. ಬೆಳಕು ಹರಿಯುವ ಮೊದಲೇ ಅವಳು ಹಂಡೆಗೆ ನೀರು ತುಂಬಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಕಟ್ಟಿಗೆ ಹಸಿಯಿರಲಿ, ಒಣಗಿರಲಿ, ಬೆಂಕಿ ಹತ್ತಲೇಬೇಕು. ಮಗ ಮಧುಕೇಶ್ವರ ಅಕ್ಕಿ ಗಿರಣಿಯ ಕೆಲಸಕ್ಕೆ ಹೊರಡುವಷ್ಟರಲ್ಲಿ ಬಿಸಿನೀರು ಸಿದ್ಧವಿರಬೇಕು. ಸೊಸೆ ದಾಕ್ಷಾಯಿಣಿ ಮದುವೆಯಾಗಿ ಬಂದ ಮೇಲೂ ಈ ಒಂದು ಕೆಲಸವನ್ನು ಮಾತ್ರ ಸಾವಿತ್ರವ್ವ ಬಿಟ್ಟುಕೊಟ್ಟಿರಲಿಲ್ಲ.

ಮೊದಲೆಲ್ಲ ಅವಳು ತೆಂಗಿನ ಸಿಪ್ಪೆ ಇಟ್ಟು ಊದಿ ಊದಿ ಬೆಂಕಿ ಮಾಡುತ್ತಿದ್ದಳು. ತೊಂಬತ್ತರ ದಶಕದ ನಡುವಿನಿಂದ ಕಿರಾಣಿ ಅಂಗಡಿಯಲ್ಲಿ ಕಾಗದದ ಪೊಟ್ಟಣ ಕಡಿಮೆಯಾಗಿ, ಬೇಳೆಗೊಂದು ಬೆಲ್ಲಕ್ಕೊಂದು ಪ್ಲಾಸ್ಟಿಕ್ ಕವರು ಬರತೊಡಗಿತು. ಸಾವಿತ್ರವ್ವ ಯಾವುದನ್ನೂ ಸುಮ್ಮನೆ ಎಸೆಯುವವಳಲ್ಲ. ಖಾಲಿ ಕವರುಗಳನ್ನೆಲ್ಲ ಬಚ್ಚಲ ಮೂಲೆಯ ಬುಟ್ಟಿಗೆ ತುರುಕಿಟ್ಟಳು. ಒಂದು ದಿನ ಅದರಲ್ಲಿ ಎರಡನ್ನು ಕಟ್ಟಿಗೆಯ ಕೆಳಗಿಟ್ಟು ಕಡ್ಡಿ ಗೀರಿದಾಗ ಬೆಂಕಿ ಭಗ್ಗೆಂದು ಹೊತ್ತಿಕೊಂಡಿತು. ಅಂದಿನಿಂದ ಊದುವ ಕೊಳವೆ ಮೂಲೆ ಸೇರಿತು. ಮನೆಯೂ ಚೊಕ್ಕಟ, ನೀರೂ ಬೇಗ ಬಿಸಿ. ಕಪ್ಪು ಹೊಗೆಯ ಘಾಟು ಮೂಗಿಗೆ ಹೊಡೆಯುತ್ತಿತ್ತು, ಆದರೆ ಹೊಗೆ ಯಾವ ಒಲೆಯಲ್ಲಿ ಇಲ್ಲ ಎಂದುಕೊಂಡಳು.

ಹೀಗೇ ಕೆಲವು ವರ್ಷ ಕಳೆದ ಮೇಲೆ ಅವಳಿಗೆ ಕೆಮ್ಮು ಹಿಡಿಯಿತು. ಕಷಾಯ ಕುಡಿದಳು, ಜೇನುತುಪ್ಪ ನೆಕ್ಕಿದಳು. ಜಗ್ಗಲಿಲ್ಲ. ಮೈ ಇಳಿಯಿತು. ಹಿತ್ತಿಲಿನಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಕೇಳಿದವರಿಗೆಲ್ಲ "ಥಂಡಿ" ಅನ್ನುತ್ತಿದ್ದಳು.

ಆದರೆ ಅವಳ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ಅವಳ ತಂಗಿ ಗುರುಶಾಂತವ್ವ ಹರೆಯದಲ್ಲೇ ಕ್ಷಯ ಬಂದು ತೀರಿಹೋಗಿದ್ದಳು. ಕೊನೆಯ ತಿಂಗಳುಗಳಲ್ಲಿ ಅವಳನ್ನು ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇಟ್ಟಿದ್ದರು. ಹೊಸ್ತಿಲಾಚೆ ಊಟದ ಗಂಗಾಳ ಇಟ್ಟು ಅಕ್ಕ ಹಿಂದೆ ಸರಿಯುವಾಗ ತಂಗಿ ನೋಡಿದ ನೋಟ ಸಾವಿತ್ರವ್ವನಿಗೆ ಮರೆತಿರಲಿಲ್ಲ. ಅದೇ ರೋಗ ತನಗೂ ಬಂತು ಎಂದು ಅವಳು ಯಾರನ್ನೂ ಕೇಳದೆ ತೀರ್ಮಾನಿಸಿಕೊಂಡುಬಿಟ್ಟಳು.

ಮೊದಲು ಗಮನಿಸಿದವಳು ದಾಕ್ಷಾಯಿಣಿ. ಅತ್ತೆ ತನ್ನ ಗಂಗಾಳ, ಲೋಟ ಬೇರೆ ಇಟ್ಟುಕೊಂಡು ತಾನೇ ತೊಳೆಯುತ್ತಿದ್ದಳು. ಹಾಸಿಗೆಯನ್ನು ಪಡಸಾಲೆಯ ತುದಿಗೆ ಎಳೆದುಕೊಂಡಿದ್ದಳು. ಆಗಷ್ಟೇ ಅಂಬೆಗಾಲಿಡುತ್ತಿದ್ದ ಮೊಮ್ಮಗ ಭರತ್ ಹತ್ತಿರ ಬಂದರೆ ಏನೋ ಕೆಲಸದ ನೆವ ಮಾಡಿ ಎದ್ದು ಹೋಗುತ್ತಿದ್ದಳು. ಮಗು ಹಿಂದೆಯೇ ತೆವಳಿ ಹೋಗಿ, ಬಾಗಿಲು ಮುಚ್ಚಿದ್ದು ಕಂಡು ಅಳುತ್ತಿತ್ತು.

ಒಂದು ಮಧ್ಯಾಹ್ನ ದಾಕ್ಷಾಯಿಣಿ ತಡೆದು ನಿಲ್ಲಿಸಿ ಕೇಳಿದಳು. "ಅತ್ತಿ, ಕೂಸಿನ್ನ ಯಾಕ ಎತ್ಕೊಳ್ಳವಲ್ರಿ? ನನ್ನಿಂದ ಏನರ ತಪ್ಪಾಗೇತೇನ್ರಿ?"

"ನಿಂದೇನು ತಪ್ಪವಾ," ಎಂದಳು ಸಾವಿತ್ರವ್ವ. "ನನ್ನ ತಂಗಿಗೆ ಬಂದದ್ದು ನನಗೂ ಬಂದೈತಿ. ಅದು ಕೂಸಿಗೆ ಹತ್ತಬಾರ್ದು" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮರುದಿನವೇ ಮಧುಕೇಶ್ವರ ಗಿರಣಿಗೆ ರಜೆ ಹಾಕಿ ತಾಯಿ, ಹೆಂಡತಿಯೊಂದಿಗೆ ಶಿರಸಿಯ ಬಸ್ಸು ಹತ್ತಿದ. ಮಗುವನ್ನು ಪಕ್ಕದ ಮನೆಯ ನೀಲಾ ನೋಡಿಕೊಂಡಳು. ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೆ ಕೊಟ್ಟರು, ಎದೆಯ ಎಕ್ಸ್‌ರೇ ತೆಗೆಸಿದರು. ಫಲಿತಾಂಶಕ್ಕೆ ಮತ್ತೆ ಬರಲು ಹೇಳಿದರು. ನಡುವಿನ ಆ ದಿನಗಳಲ್ಲಿ ಮನೆಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ಸಾವಿತ್ರವ್ವ ತನ್ನ ಹೊಸ ಇಳಕಲ್ ಸೀರೆಯನ್ನು ಸೊಸೆಯ ಪೆಟ್ಟಿಗೆಯಲ್ಲಿ ಇಟ್ಟುಬಂದಳು. ದಾಕ್ಷಾಯಿಣಿ ಅದನ್ನು ತಂದು ಅತ್ತೆಯ ಗೂಟಕ್ಕೇ ನೇತುಹಾಕಿದಳು.

ಎರಡನೆಯ ಸಲ ಹೋದಾಗ ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ ಹೇಳಿದರು. "ಕ್ಷಯ ಇಲ್ಲಮ್ಮ. ಕಫದಲ್ಲೂ ಏನೂ ಸಿಕ್ಕಿಲ್ಲ."

"ಇಲ್ಲ ಅಂದ್ರ ಇಲ್ಲೇ ಇಲ್ಲೇನ್ರೀ?"

"ಇಲ್ಲೇ ಇಲ್ಲ."

ಸಾವಿತ್ರವ್ವ ಕೂತಲ್ಲೇ ಗಟ್ಟಿಯಾಗಿ ಅತ್ತುಬಿಟ್ಟಳು. ಹೊರಗೆ ಸಾಲಿನಲ್ಲಿದ್ದವರು ಇಣುಕಿ ನೋಡಿದರು. ಡಾಕ್ಟರಮ್ಮ ಅವಸರ ಮಾಡಲಿಲ್ಲ. ಅಳು ನಿಂತ ಮೇಲೆ, ಮನೆಯಲ್ಲಿ ಒಲೆ ಹಚ್ಚುವವರು ಯಾರೆಂದು ಕೇಳಿದರು.

"ಅಡಿಗಿಗೆ ಗ್ಯಾಸ್ ಐತ್ರಿ. ಬಚ್ಚಲ ಒಲಿ ನಂದರೀ," ಎಂದಳು ಸಾವಿತ್ರವ್ವ, ಕಣ್ಣೊರೆಸಿಕೊಳ್ಳುತ್ತ. "ಬುಡಕ್ಕ ಕವರ್ ಇಟ್ಟು ಕಡ್ಡಿ ಗೀರಿದ್ರ ಮುಗೀತು. ಊದೋ ಕೆಲ್ಸಾನ ಇಲ್ಲ."

"ದಿನಾ ಕವರ್ ಹಾಕ್ತೀರಾ?"

"ದಿನಾ ರೀ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆ ಹೊಗೆನೇ ನಿಮ್ಮ ಶ್ವಾಸನಾಳ ಕೆಡಿಸ್ತಾ ಇದೆ. ನಾನು ಔಷಧ ಕೊಡ್ತೀನಿ, ಆದರೆ ಪ್ಲಾಸ್ಟಿಕ್ ಸುಡೋದು ನಿಲ್ಲದಿದ್ರೆ ಔಷಧ ಕೆಲಸ ಮಾಡಲ್ಲ. ಮಗು ಇರೋ ಮನೆ ಬೇರೆ."

ಮನೆಗೆ ಬಂದವಳೇ ಸಾವಿತ್ರವ್ವ ಕೈಕಾಲು ತೊಳೆದು, ನೀಲಾಳ ಕಂಕುಳಿಂದ ಭರತನನ್ನು ಎತ್ತಿಕೊಂಡಳು. ಸಂಜೆಯವರೆಗೂ ಕೆಳಗಿಳಿಸಲಿಲ್ಲ.

ಕವರು ಸುಡುವುದು ನಿಂತಿತು. ಮೊದಲ ದಿನ ಕಾಳು ಬಿಡಿಸಿದ ಗೋವಿನಜೋಳದ ಬೆಂಡು, ತೆಂಗಿನ ಸಿಪ್ಪೆ ಇಟ್ಟು ಒಲೆ ಹೊತ್ತಿಸುವಷ್ಟರಲ್ಲಿ ಮಧುಕೇಶ್ವರ ತಣ್ಣೀರಲ್ಲೇ ಮಿಂದು ಗಿರಣಿಗೆ ಓಡಿದ್ದ. ಊದಿ ಬೆಂಕಿ ಮಾಡುವ ಹಳೆಯ ಅಭ್ಯಾಸ ಬೇಗ ಮರಳಿ ಕೈಗೆ ಹತ್ತಿತು. ಕಷ್ಟವಾದದ್ದು ಬೇರೆ. ಇಷ್ಟು ವರ್ಷ ಒಲೆ ನುಂಗುತ್ತಿದ್ದದ್ದೆಲ್ಲ ಈಗ ಮನೆಯಲ್ಲೇ ಉಳಿಯತೊಡಗಿತು. ಬುಟ್ಟಿ ತುಂಬಿ, ಗೋಣಿಚೀಲ ತುಂಬಿ, ಗಾಳಿಗೆ ಕವರುಗಳು ಅಂಗಳವೆಲ್ಲ ಹಾರಾಡಿದವು. ಒಂದು ಮನೆಗೆ ಇಷ್ಟು ಬರುತ್ತದೆಂದು ಯಾರಿಗೂ ಗೊತ್ತೇ ಇರಲಿಲ್ಲ.

"ಹೊಳಿ ದಂಡಿಗೆ ಒಗದು ಬರ್ತೀನಿ ಬಿಡವ್ವಾ," ಎಂದ ಮಧುಕೇಶ್ವರ, ಎಸೆಯಲೆಂದು ಗೋಣಿಚೀಲ ಎತ್ತುತ್ತ.

"ವರದಾ ಹೊಳಿ ನೀರು ಕುಡಿಯೋ ದನ ಯಾರ್ವೋ? ಸುಮ್ನ ಕೂಡು," ಎಂದು ಗದರಿದಳು ತಾಯಿ.

"ಬಂದಿದ್ದನ್ನ ಎಲ್ಲಿ ಒಗೀಬೇಕು ಅಂತ ಯಾಕ ನೋಡ್ಬೇಕ್ರಿ? ಬರೋದನ್ನ ತಡೀರಿ," ಎಂದಳು ದಾಕ್ಷಾಯಿಣಿ.

ಅತ್ತೆ ಸೊಸೆ ಕೂತು ಹಳೆಯ ಧೋತರ ಕತ್ತರಿಸಿ ಚೀಲ ಹೊಲಿದರು. ಬೇಳೆಗೆ, ಸಕ್ಕರೆಗೆ, ರವೆಗೆ ಬೇರೆ ಬೇರೆ ಚೀಲ. ಎಣ್ಣೆಗೆ ಮುಚ್ಚಳದ ಸ್ಟೀಲ್ ಡಬ್ಬಿ. ಇದೆಲ್ಲ ಹೊತ್ತುಕೊಂಡು ಹೋದ ಸಾವಿತ್ರವ್ವನನ್ನು ನೋಡಿ ಕಿರಾಣಿ ಅಂಗಡಿಯ ಷಡಾಕ್ಷರಪ್ಪ ಸಿಡುಕಿದ.

"ಒಂದೊಂದು ಸಾಮಾನಿಗೆ ಒಂದೊಂದು ಚೀಲ ಹಿಡಕೊಂಡು ನಿಂತ್ರ ಉಳಿದ ಗಿರಾಕಿಗೋಳಿಗೆ ನಾ ಏನು ಹೇಳ್ಲಿ ಸಾವಿತ್ರವ್ವ?"

"ಕ್ಷಯ ಅನ್ಕೊಂಡು ಮೊಮ್ಮಗನ್ನ ಮುಟ್ಟಲಾರ್ದ ದಿನಾ ಕಳದೀನಪ್ಪ. ನಿನ್ನ ಕಟ್ಟಿ ಮ್ಯಾಲ ಒಂದೀಟು ನಿಲ್ಲೋದೇನು ದೊಡ್ಡದು? ಎಲ್ಲಾರಿಗೂ ಕೊಟ್ಟ ಮ್ಯಾಲ ಕೊಡು."

ಷಡಾಕ್ಷರಪ್ಪ ಪೆಚ್ಚಾದ. "ಮಧ್ಯಾಹ್ನ ಗದ್ದಲ ಇರೂದಿಲ್ಲ, ಆವಾಗ ಬರ್ರಿ" ಎಂದ. ಅವಳು ಹಾಗೇ ಮಾಡಿದಳು. ಕೆಲವು ದಿನಗಳಲ್ಲಿ ನೀಲಾಳೂ ಚೀಲ ಹಿಡಿದು ಜೊತೆಗೆ ಬರತೊಡಗಿದಳು. ಓಣಿಯ ಉಳಿದ ಬಚ್ಚಲುಗಳಿಂದ ಕಪ್ಪು ಹೊಗೆ ಏಳುವುದೇನೂ ಪೂರ್ತಿ ನಿಲ್ಲಲಿಲ್ಲ. ಇವರ ಮನೆಗೂ ಬಿಸ್ಕೀಟಿನದು, ಶಾಂಪೂವಿನದು ಎಂದು ಒಂದಿಷ್ಟು ಬಂದೇ ಬರುತ್ತಿತ್ತು. ಕೂಡಿಟ್ಟಿದ್ದ ಗೋಣಿಚೀಲವನ್ನು ಮಧುಕೇಶ್ವರ ಶಿರಸಿಯ ಗುಜರಿ ಅಂಗಡಿಗೆ ಒಯ್ದಾಗ, ಅವರು ದಪ್ಪನೆಯವನ್ನಷ್ಟೇ ಆರಿಸಿಕೊಂಡು ತೆಳ್ಳನೆಯವನ್ನು ಹಿಂದಕ್ಕೆ ಕಳಿಸಿದರು. ಆ ಚೀಲ ಇನ್ನೂ ಅಟ್ಟದ ಮೇಲಿದೆ.

ಕೆಮ್ಮು ಒಮ್ಮೆಲೇ ಹೋಗಲಿಲ್ಲ. ಔಷಧ ನಡೆದೇ ಇತ್ತು. ದೀಪಾವಳಿಗೆ ಅರ್ಧ ಇಳಿಯಿತು, ಸಂಕ್ರಾಂತಿಯ ಹೊತ್ತಿಗೆ ಕೊಡ ಹೊತ್ತು ತರುವಾಗ ಗೋಡೆ ಹಿಡಿಯುವುದು ತಪ್ಪಿತು.

ಆ ಚಳಿಗಾಲದ ಒಂದು ಬೆಳಗ್ಗೆ ದಾಕ್ಷಾಯಿಣಿ ಗಾಬರಿಯಿಂದ ಎದ್ದಳು. ಮನೆಯಲ್ಲಿ ಸದ್ದೇ ಇಲ್ಲ. ಪಡಸಾಲೆಗೆ ಓಡಿ ಅತ್ತೆಯ ಕಂಬಳಿ ಸರಿಸಿದಳು.

ಸಾವಿತ್ರವ್ವ ಕಣ್ಣು ಬಿಟ್ಟಳು. "ಏನಾತವಾ?"

"ಕೆಮ್ಮಿದ್ದು ಕೇಳ್ಲಿಲ್ರಿ. ಅದಕ್ಕ ಅಂಜಿಕಿ ಬಂತು."

ಸಾವಿತ್ರವ್ವ ಅವಳ ಮುಖ ನೋಡಿದಳು, ನಕ್ಕಳು, ಕಂಬಳಿಯನ್ನು ಮತ್ತೆ ಕುತ್ತಿಗೆಯವರೆಗೆ ಎಳೆದುಕೊಂಡಳು. "ಎಷ್ಟು ದಿನದ ನಿದ್ದಿ ಬಾಕಿ ಐತೋ ಏನೋ. ಇವತ್ತ ಒಲಿ ನೀನ ಹಚ್ಚು ಹೋಗು."