ಗೆರೆ ದಾಟಿತ್ತೇ ಆ ಚೆಂಡು?

ಶೆಟ್ಟಿಹಳ್ಳಿಗೆ ಬಂದ ಮೂರನೆಯ ಭಾನುವಾರ ಬೆಳಿಗ್ಗೆ ಆರೂವರೆಗೆ ಯಾರೋ ಬಾಗಿಲು ಬಡಿದರು. ತೆರೆದರೆ ನಮ್ಮ ಮನೆ ಮಾಲೀಕರು, ಮುನಿರಾಜಣ್ಣ. ತಲೆಯೆಲ್ಲ ಬೆಳ್ಳಗಾದ, ಅದೇ ಬೀದಿಯಲ್ಲಿ ಎರಡು ಕಟ್ಟಡಗಳಿರುವ ದೊಡ್ಡ ಮನುಷ್ಯರು ಮೊಣಕಾಲಿಗೂ ಬಾರದ ಚಡ್ಡಿ, ಕಿತ್ತಳೆ ಬಣ್ಣದ ಗ್ಲೌಸು ಹಾಕಿಕೊಂಡು ನಿಂತಿದ್ದರು. ಅವರ ಹಿಂದೆ ಮಂಜು ಮೆಟ್ಟಿಲು ಹತ್ತಿ ಬರುತ್ತಿತ್ತು. ನನಗಿನ್ನೂ ಎಚ್ಚರವಾಗಿಲ್ಲ ಅಂದುಕೊಂಡೆ.

“ಮೇಡಂ, ನಿಮ್ಮತ್ರ ವಿಷಲ್ ಐತಲ್ಲ? ನಮ್ ರೆಫ್ರಿ ಕೈ ಕೊಟ್ಬುಟ್ಟ. ಬನ್ನಿ, ಒಂದ್ ಮ್ಯಾಚ್ ಆಡಿಸ್ಕೊಡಿ” ಎಂದರು.

ನಾನು ಬಾದಾಮಿ ಕಡೆಯವಳು. ಖೋ ಖೋ ಆಡಿ ಬೆಳೆದೆ, ಆಮೇಲೆ ಆಡಿಸುವುದನ್ನು ಕಲಿತೆ. ಜಾಲಹಳ್ಳಿಯ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಕಿಯ ಕೆಲಸ ಸಿಕ್ಕಿತೆಂದು ಇಲ್ಲಿಗೆ ಬಂದೆ. ಫುಟ್ಬಾಲಿನ ನಿಯಮಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆನೇ ಹೊರತು ದೊಡ್ಡವರ ಪಂದ್ಯ ಆಡಿಸಿದವಳಲ್ಲ. ಆದರೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಮನೆ ಹುಡುಕುವಾಗ ಒಂಟಿ ಹೆಂಗಸಿಗೆ ಕೊಡುವುದಿಲ್ಲ ಎಂದು ಐದು ಕಡೆ ತಲೆಯಾಡಿಸಿದ್ದರು. ಮುನಿರಾಜಣ್ಣ ಮಾತ್ರ ಏನು ಕೆಲಸ ಎಂದು ಕೇಳಿ, ಆಟ ಆಡಿಸುವುದು ಎಂದ ಕೂಡಲೇ ಬೀಗದ ಕೈ ಕೊಟ್ಟಿದ್ದರು.

ಮೈದಾನ ಇದ್ದದ್ದು ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಹಿಂದೆ. ಒಂದು ಕಡೆ ಊರಿನವರು, ಅಂದರೆ ಹಿಂದೆ ಈ ನೆಲದಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನದವರು. ಇನ್ನೊಂದು ಕಡೆ ಕ್ವಾರ್ಟರ್ಸಿನವರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಮತ್ತು ಅವರ ಮಕ್ಕಳು. ಮಂಜಿನಲ್ಲಿ ಆಟಗಾರರ ಕಾಲು ಮಾತ್ರ ಕಾಣುತ್ತಿತ್ತು, ಮೈ ಆಮೇಲೆ ಬರುತ್ತಿತ್ತು. ವಾಯುಪಡೆಯ ನೆಲೆಯ ಕಡೆಯಿಂದ ಎಂಜಿನ್ನಿನ ಸದ್ದು ತೇಲಿ ಬಂದು ಎಲ್ಲೋ ಕರಗಿಹೋಗುತ್ತಿತ್ತು. ಗೋಲಿಗೆ ಎರಡು ಕಂಬ, ಮೇಲೊಂದು ಅಡ್ಡಪಟ್ಟಿ ಇದ್ದವು, ಬಲೆ ಇರಲಿಲ್ಲ. ಕೆಳಗೆ ಸುಣ್ಣದ ಪುಡಿಯ ಗೆರೆ, ಅದೂ ಅರ್ಧ ಆಟಕ್ಕೆ ಅಳಿಸಿಹೋಗಿತ್ತು.

ಮುಗಿಯಲು ಇನ್ನೇನು ಎರಡು ನಿಮಿಷವಿತ್ತು. ಕ್ವಾರ್ಟರ್ಸಿನ ಸೆಲ್ವಣ್ಣ, ಲೇತ್ ಯಂತ್ರದ ಮುಂದೆ ಆಯುಸ್ಸು ಕಳೆದ ಉದ್ದನೆಯ ಮನುಷ್ಯ, ತಲೆಯಿಂದ ಚೆಂಡನ್ನು ಗೋಲಿಗೆ ಹೊಡೆದರು. ಊರಿನವರ ಗೋಲು ಕಾಯುತ್ತಿದ್ದ ಮುನಿರಾಜಣ್ಣ ಹಿಂದಕ್ಕೆ ವಾಲಿ ಅದನ್ನು ಎದೆಗೆ ಅವುಚಿಕೊಂಡು ಬಿದ್ದರು. ಚೆಂಡು ಗೆರೆ ದಾಟಿತ್ತೋ ಇಲ್ಲವೋ? ನಾನು ಗೋಲು ಎಂದು ಸೀಟಿ ಊದಿದೆ. ಊರಿನವರು ಒಂದು ಗೋಲಿನಿಂದ ಸೋತರು.

ನಮ್ಮ ಕಡೆ ನಿರ್ಣಾಯಕರ ಮಾತಿಗೆ ಎದುರಿಲ್ಲ. ಆಟ ಮುಗಿದರೆ ಅವರಿಗೆ ಕುರ್ಚಿ ಹಾಕಿ, ಚಹಾ ಕೊಟ್ಟು, ಕೈ ಮುಗಿದು ಕಳಿಸುತ್ತಾರೆ. ತೀರ್ಪಿನ ವಿಷಯ ಅವರೆದುರು ಎತ್ತುವುದೆಂದರೆ ಮುಖಕ್ಕೆ ಉಗಿದಂತೆ. ಹಾಗೆಂದೇ ಬೆಳೆದವಳು ನಾನು. ಇಲ್ಲಿ ಎರಡೂ ಕಡೆಯವರು ಏನೇನೋ ಕೂಗುತ್ತ ನನ್ನ ಕಡೆಗೆ ಬರುವುದು ಕಂಡಿದ್ದೇ, ಮರ್ಯಾದೆಯಿಂದ ಹೋಗಿಬಿಡುವುದು ಒಳ್ಳೆಯದೆಂದು ಹಿಂದಿನ ದಾರಿ ಹಿಡಿದು ಮನೆಗೆ ಬಂದೆ.

ಆ ವಾರ ಕೆಳಗಿನ ಮನೆ ಗಪ್‌ಚುಪ್. ಮುನಿರಾಜಣ್ಣನ ಹೆಂಡತಿ ಲಕ್ಷ್ಮಕ್ಕ ದಿನ ಬಿಟ್ಟು ದಿನ ಬಸ್ಸಾರು ಕಳಿಸುತ್ತಿದ್ದರು. ಬಸ್ಸಾರೆಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರು. ನಮ್ಮ ಕಡೆ ಅದೇ ಸೊಪ್ಪನ್ನು ಬೇಳೆಯ ಜೊತೆ ಗಟ್ಟಿಯಾಗಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುತ್ತೇವೆ. ಇವರು ನೀರನ್ನೂ ಬಿಡುವುದಿಲ್ಲವಲ್ಲ ಎಂದು ಮೊದಲು ನಕ್ಕಿದ್ದೆ. ಆ ವಾರ ಆ ತೆಳ್ಳನೆಯ ಸಾರಿಗಾಗಿ ಮೆಟ್ಟಿಲ ಕಡೆ ಕಿವಿಯಿಟ್ಟು ಕೂತೆ. ಬರಲಿಲ್ಲ. ಗೇಟಿನ ಬಳಿ ಮುನಿರಾಜಣ್ಣ ಸಿಕ್ಕರೂ ಏನ್ ಸಮಾಚಾರ ಎಂದು ಕೇಳಲಿಲ್ಲ. ನನಗೆ ಅಳು ಬಂತು. ಮಾಲೀಕರನ್ನೇ ಸೋಲಿಸಿದ ಬಾಡಿಗೆದಾರಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಶನಿವಾರ ಎರಡು ಬಸ್ಸು ಬದಲಿಸಿ ಬಾಗಲೂರಿಗೆ ಹೋಗಿ ಬೇರೆ ಮನೆ ನೋಡಿ ಬಂದೆ. ಒಂದೇ ಕಿಟಕಿಯ ಮನೆ, ಕಿಟಕಿಗೆ ಎದುರು ಗೋಡೆ.

ಮನಸ್ಸನ್ನು ತಿನ್ನುತ್ತಿದ್ದ ಸಂಗತಿ ಇನ್ನೊಂದಿತ್ತು. ಆ ಚೆಂಡು ಗೆರೆ ದಾಟಿದ್ದನ್ನು ನಾನು ನೋಡಿರಲಿಲ್ಲ. ನಾನಿದ್ದದ್ದು ದೂರದಲ್ಲಿ, ನಡುವೆ ಮಂಜು. ಅವರು ವಾಲಿದ ರೀತಿ ನೋಡಿ ಅಂದಾಜಿನ ಮೇಲೆ ಊದಿದ್ದೆ.

ಭಾನುವಾರ ಬೆಳಿಗ್ಗೆ ಮನೆ ಬಿಡುತ್ತೇನೆಂದು ಹೇಳಲು ಕೆಳಗಿಳಿದೆ. ನಾನು ಬಾಯಿ ತೆರೆಯುವ ಮೊದಲೇ ಮುನಿರಾಜಣ್ಣ ಶುರುಮಾಡಿದರು.

“ಏನ್ ಮೇಡಂ ನೀವು, ಇಂಗೆ ಮಾಡದಾ? ಮ್ಯಾಚ್ ಮುಗಿಸ್ದೇ ಓಗ್ಬುಟ್ರಲ್ಲ.”

“ಮುಗಿದಿತ್ತಲ್ರೀ. ಉದ್ದ ಸೀಟಿ ಹೊಡದೀನಿ ನಾ.”

“ಅದ್ ಆಟ ಮುಗಿಯೋ ವಿಷಲ್ಲು. ಮ್ಯಾಚ್ ಮುಗಿಯೋದು ಕಟ್ಟೆ ಮೇಲೆ. ರೆಫ್ರಿನೇ ಇಲ್ದಿದ್ರೆ ನಾವ್ ಯಾರತ್ರ ಜಗಳ ಆಡದು? ಕ್ವಾರ್ಟರ್ಸ್‌ನೋರು ನಿಮ್ ಮೇಡಂಗೆ ನಮ್ ಜೊತೆ ಟೀ ಕುಡಿಯಕ್ಕೆ ಆಗಲ್ವಾ ಅಂತ ಕೇಳ್ತವ್ರೆ. ನಂಗೆ ಮಖ ಇಲ್ದಂಗ್ ಆಯ್ತು.”

ವಾರವಿಡೀ ಅವರ ಸಿಟ್ಟು ಗೋಲಿನ ಮೇಲಲ್ಲ, ನಾನು ಎದ್ದು ಬಂದದ್ದರ ಮೇಲೆ. ನಾನು ಮರ್ಯಾದೆ ಎಂದುಕೊಂಡದ್ದು ಇಲ್ಲಿ ದುರಹಂಕಾರವಾಗಿತ್ತು. ಮನೆ ಬಿಡುವ ಮಾತೆತ್ತದೆ ಅವರ ಹಿಂದೆ ನಡೆದೆ.

ಕಟ್ಟೆ ಎಂದರೆ ಬೇಕರಿ ಮುಂದಿನ ಚಪ್ಪಡಿ ಕಲ್ಲು. ಇಪ್ಪತ್ತು ಜನ ಕಾಯುತ್ತಿದ್ದರು. ನಡುವೆ ಜಾಗ ಬಿಟ್ಟು ನನ್ನನ್ನು ಕೂರಿಸಿ ಕೈಗೆ ಟೀ ಕೊಟ್ಟರು. ಹಳೆಯ ಪೇಪರಿನ ಮೇಲೆ ಖಾರ ಬಿಸ್ಕತ್ತು ಊರಿನವರಾಗಿ, ಬೆಣ್ಣೆ ಬಿಸ್ಕತ್ತು ಕ್ವಾರ್ಟರ್ಸಿನವರಾಗಿ ನಿಂತಿದ್ದವು. ಹೋದ ವಾರದ ಪಂದ್ಯ ಮೊದಲಿನಿಂದ ನಡೆಯತೊಡಗಿತು. ಸೆಲ್ವಣ್ಣನಂಥ ಎತ್ತರದವನನ್ನು ಯಾಕೆ ಒಂಟಿಯಾಗಿ ಬಿಟ್ಟಿರಿ, ಎಲ್ಲರೂ ಮುಂದಕ್ಕೆ ಓಡಿದರೆ ಹಿಂದೆ ಕಾಯುವವನು ಯಾರು ಎಂದು ಊರಿನವರು ತಮ್ಮತಮ್ಮಲ್ಲೇ ಕಿತ್ತಾಡಿದರು. ಗುರು, ಮಗಾ, ಮಚ್ಚಾ ಎಂದು ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಮಚ್ಚಾ ಎಂದರೆ ತಮಿಳಿನಲ್ಲಿ ಭಾವಮೈದುನ, ಇಲ್ಲಿ ಯಾರು ಬೇಕಾದರೂ ಆಗಬಹುದು. ನಡುವೆ ಯಾರೋ ಮರೆತು ಊರಿನ ಎಡಗಡೆಯ ಡಿಫೆಂಡರನ್ನು ಟೀಗೆ ಅದ್ದಿ ತಿಂದುಬಿಟ್ಟರು. ಅವನು ಆವತ್ತೂ ಜಾಗದಲ್ಲಿರಲಿಲ್ಲ ಬಿಡಿ ಎಂದು ಇನ್ನೊಬ್ಬರು ಸಮಾಧಾನ ಹೇಳಿದರು. ಬಿಸಿಲು ಮಂಜಿನೊಳಗೆ ಹಾಲಿನ ಹಾಗೆ ಇಳಿಯುತ್ತಿತ್ತು. ಆಡಿದ್ದಕ್ಕಿಂತ ಈ ಆಟವೇ ನನಗೆ ಚೆನ್ನಾಗಿ ಕಂಡಿತು.

ಕೊನೆಗೆ ಬಿಸ್ಕತ್ತುಗಳು ಆ ಗೋಲಿನ ಹತ್ತಿರ ಬಂದು ನಿಂತವು. ಸೆಲ್ವಣ್ಣ ನನ್ನ ಕಡೆ ತಿರುಗಿದರು. “ಮೇಡಂ, ನೀವು ಏನು ನೋಡಿದ್ರಿ? ಅಷ್ಟು ಹೇಳಿ ಸಾಕು.”

ಸುಳ್ಳು ಹೇಳುವುದು ಸುಲಭವಿತ್ತು. ಎಲ್ಲರೂ ನಂಬಲು ತಯಾರಿದ್ದರು. ಇವರ ನಡುವೆ ಒಂದು ಜಾಗ ಬೇಕೆಂಬ ಆಸೆ ಆಗಲೇ ನನ್ನಲ್ಲಿ ಹುಟ್ಟಿಬಿಟ್ಟಿತ್ತು, ಅದಕ್ಕೇ ಸುಳ್ಳು ಹೇಳಲಾಗಲಿಲ್ಲ.

“ನಾ ನೋಡ್ಲಿಲ್ರೀ. ಮಂಜಿತ್ತು. ಅಂದಾಜಿನ ಮ್ಯಾಲ ಊದಿದೆ. ತಪ್ಪಾತು” ಎಂದೆ.

ನನ್ನ ಸೀಟಿಯ ಆಯುಸ್ಸು ಮುಗಿಯಿತು ಅಂದುಕೊಂಡೆ. ಆಮೇಲೆ ಸೆಲ್ವಣ್ಣ ಮೊಣಕಾಲು ಹಿಡಿದು ಎದ್ದು, ಬೇಕರಿಯವನಿಗೆ ಇನ್ನೊಂದು ಸುತ್ತು ಟೀ ಹಾಕಲು ಹೇಳಿ, ನನಗೆ ಇನ್ನಷ್ಟು ಹತ್ತಿರ ಬಂದು ಕೂತರು. ರೆಫ್ರಿಗೇ ಗೊತ್ತಿಲ್ಲವೆಂದರೆ ಈಗ ನಾವೇ ಸೇರಿ ನೋಡಬೇಕು ಎಂದರು. ಅಷ್ಟೇ, ಇಪ್ಪತ್ತು ಜನವೂ ಒಟ್ಟಿಗೆ ಬಾಯಿ ಬಿಟ್ಟರು. ಮುನಿರಾಜಣ್ಣ ನೆಲದ ಮೇಲೆ ಬಿದ್ದೇ ತೋರಿಸಿದರು. ಚೆಂಡು ಗೆರೆಯ ಮೇಲಿತ್ತು, ದಾಟಿರಲೇ ಇಲ್ಲ ಎಂದು ಆಣೆ ಇಟ್ಟರು.

ಮನೆಗೆ ಮರಳಿ ಮೆಟ್ಟಿಲು ಹತ್ತುವಾಗ ಅವರು ಹಿಂದಿನಿಂದ ಮೆಲ್ಲಗೆ ಕರೆದರು.

“ಮೇಡಂ, ಬಾಲು ಒಳಗೇ ಇತ್ತು. ಗೆರೆ ದಾಟಿ ಒಂದ್ ಅಡಿ ಒಳಗೆ. ಕಟ್ಟೇಲಿ ಮಾತ್ರ ಬಾಯಿ ಬಿಡ್ಬೇಡಿ. ಒಪ್ಕೊಂಡ್ಬುಟ್ರೆ ಮಾತೇ ಮುಗ್ದೋಗ್ತದೆ. ಸೆಲ್ವ ರಿಟೈರ್ ಆಗವ್ನೆ, ಮಗ ಯಲಹಂಕದ ತಾವ ಮನೆ ಮಾಡವ್ನೆ, ಅಲ್ಲಿಗ್ ಬಾ ಅಂತವ್ನೆ. ಈ ಜಗಳ ಇದ್ರೇನೇ ಅವ್ನು ಅಲ್ಲಿಂದ್ಲೂ ವಾರವಾರ ಬರೋದು.”

ಸಂಜೆ ಬಸ್ಸಾರು ಬಂತು. ಬಾಗಲೂರಿನ ಮನೆಯವರಿಗೆ ಬರುವುದಿಲ್ಲವೆಂದು ಫೋನ್ ಮಾಡಿದೆ. ಸೆಲ್ವಣ್ಣ ಯಲಹಂಕಕ್ಕೆ ಹೋಗಿ ವರ್ಷವಾಗುತ್ತ ಬಂತು. ಭಾನುವಾರ ಬಸ್ಸು ಹತ್ತಿ ಬರುತ್ತಾರೆ. ಎಷ್ಟೋ ಪಂದ್ಯಗಳಾದವು, ನಾನೂ ಎಷ್ಟೋ ತಪ್ಪು ಮಾಡಿದೆ, ಬೈಸಿಕೊಂಡೆ. ಆ ಗೋಲಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಮುನಿರಾಜಣ್ಣ ಆಣೆ ಇಡುವಾಗ ನಾನು ಟೀ ಲೋಟದೊಳಗೆ ನೋಡುತ್ತ ಕೂರುತ್ತೇನೆ.

ಈ ಸಲ ರಜೆಗೆ ಬಾದಾಮಿ ಕಡೆಯ ನಮ್ಮೂರಿಗೆ ಬಂದಾಗ ಶಾಲೆಯ ಬಯಲಿನಲ್ಲಿ ಖೋ ಖೋ ಇಟ್ಟಿದ್ದರು, ಆಡಿಸಲು ನನ್ನನ್ನೇ ಕರೆದರು. ಕೊನೆಯ ಹುಡುಗಿಯನ್ನು ಔಟ್ ಎಂದೆ. ಮುಟ್ಟಿದ್ದು ಬೆರಳೋ ಲಂಗದ ಗಾಳಿಯೋ ಎನ್ನುವಷ್ಟು ಸೂಕ್ಷ್ಮವಾಗಿತ್ತು. ಸೋತವರು ಸುಮ್ಮನೆ ಬಂದು ಕೈ ಮುಗಿದರು. ನನಗೆ ಕುರ್ಚಿ ಹಾಕಿ, ಚಹಾ ಕೊಟ್ಟು ಮನೆಗೆ ಹೊರಟರು. ನಾನು ಕುರ್ಚಿಯಿಂದಿಳಿದು ಶಾಲೆಯ ಕಟ್ಟೆಯ ಮೇಲೆ ಕೂತೆ. ಬಯಲು ಖಾಲಿಯಾಯಿತು, ಧೂಳು ನೆಲಕ್ಕಿಳಿಯಿತು.

ತಮ್ಮ ಸೈಕಲ್ ನಿಲ್ಲಿಸಿ ಕೇಳಿದ: “ಎಲ್ಲಾರೂ ಹೋದ್ರಲ್ಲ ಅಕ್ಕಾ, ಇನ್ನೂ ಯಾರ್ನ ಕಾಯಾಕತ್ತೀ?”

ಯಾರಾದರೂ ಬಂದು, ನೀ ಹೇಳಿದ್ದು ತಪ್ಪು ಅನ್ನಲಿ ಎಂದು ಕಾಯುತ್ತಿದ್ದೆ.