ಹೀರೋ ಬಂದು ಹೋದ ಮೇಲೆ

ಹೋದ ಶುಕ್ರವಾರ ನಮ್ಮ ರಾಯಬಾಗದಲ್ಲಿ ನನ್ನ ಕಾಲಿನ ಮೇಲೆ ಏಳೆಂಟು ಜನ ನಿಂತಿದ್ದರು. (ಒಬ್ಬೊಬ್ಬರಾಗಿ ಅಲ್ಲ, ಒಟ್ಟಿಗೇ.) ಯಾಕೆ? ಹೀರೋ ಬಂದಿದ್ದ!

ಬೆಂಗಳೂರಿನಿಂದ ಸಾಕ್ಷಾತ್ ಹೀರೋನನ್ನೇ ಕರೆಸಿದವರು ಟಾಕೀಸಿನ ಮಾಲೀಕ, ನನ್ನ ಗೆಳೆಯ ಜಿನ್ನಪ್ಪಣ್ಣ. ಮರಾಠಿ, ಹಿಂದಿ ಚಿತ್ರಗಳಿಗೆ ಮುಗಿಬೀಳುವ ಈ ಗಡಿಯಲ್ಲಿ ಕನ್ನಡ ಚಿತ್ರವನ್ನೇ ಹಾಕುತ್ತೇನೆಂದು ಹಟ ಹಿಡಿದ ಮನುಷ್ಯ. ಈಗಂತೂ ಓಣಿಗೊಂದು ವಿಡಿಯೋ ಪಾರ್ಲರ್ ಬಂದಿದೆ, ಟಾಕೀಸು ಬಿಕೋ ಎನ್ನುತ್ತದೆ. ಟಾಕೀಸಿನಲ್ಲಿ ಪಾಲಿರುವ ಅವರ ತಮ್ಮಂದಿರು ಕೊನೆಯ ಮಾತು ಹೇಳಿಬಿಟ್ಟಿದ್ದರು: ಈ ಹೀರೋನ ಹೊಸ ಚಿತ್ರ ಓಡಿದರೆ ಸರಿ, ಇಲ್ಲದಿದ್ದರೆ ಟಾಕೀಸು ನಿಪ್ಪಾಣಿಯ ವ್ಯಾಪಾರಿಯ ತಂಬಾಕಿಗೆ ಗೋದಾಮು.

“ಪಬ್ಲಿಸಿಟಿ ಬೇಕ್ರಿ ಸರ! ಹೀರೋನ್ನ ಊರಾಗ ಒಂದ್ ಸುತ್ತ ತಿರುಗಿಸಿದ್ರ ಹೌಸ್‌ಫುಲ್ ಆಗೂದು ಗ್ಯಾರಂಟಿ” ಅಂದಿದ್ದರು ಜಿನ್ನಪ್ಪಣ್ಣ. ಟೆಂಪೋಗೆ ಮೈಕು ಕಟ್ಟಿ, ಏಕಸಂಬಿಯಿಂದ ಐನಾಪುರದವರೆಗೆ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಕೂಗಿಸಿದ್ದೇ ಕೂಗಿಸಿದ್ದು.

ಜನ ಬಂದರು. ಅಬ್ಬಬ್ಬಾ, ಎಂಥ ಜನ! ಕಬ್ಬು ಹೇರುವ ಟ್ರೇಲರಿನ ತುಂಬ ಮನುಷ್ಯರು. ಟ್ರ್ಯಾಕ್ಟರ್ ಮೇಲೆ ಹೀರೋನ ಮೆರವಣಿಗೆ. ಹೆಣ್ಣುಮಕ್ಕಳು ಆರತಿ ಬೆಳಗಿದರು. ಹಿರಿಯರು ತಲೆಗೆ ಪಟಕಾ ಸುತ್ತಿ, ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟರು. (ಬೀಗರಿಗೂ ಇಷ್ಟು ಮರ್ಯಾದೆ ಸಿಗುವುದಿಲ್ಲ ಬಿಡಿ.) ಟಾಕೀಸಿನ ಮುಂದೆ ಅವನು ಕ್ಲೈಮ್ಯಾಕ್ಸಿನ ಡೈಲಾಗನ್ನೂ ಹೊಡೆದ. ಸಿಳ್ಳೆಯೋ ಸಿಳ್ಳೆ. ಆಮೇಲೆ ಕಾರು ಹತ್ತಿ ಹೋದ.

ಟ್ರ್ಯಾಕ್ಟರುಗಳೂ ಹೊರಟವು!

ಮ್ಯಾಟಿನಿಗೆ ಒಳಗೆ ಉಳಿದವರು ನಾವು ಗುರುತಿನ ನಾಲ್ಕಾರು ಮಂದಿ. ಜಿನ್ನಪ್ಪಣ್ಣ ಗೇಟಿಗೆ ಓಡಿ, ಟ್ರೇಲರ್ ಹತ್ತುತ್ತಿದ್ದ ಏಕಸಂಬಿಯ ಅಜ್ಜನೊಬ್ಬನ ಕೈ ಹಿಡಿದರು. “ಯಾಕ ಕಾಕಾ, ಪಿಚ್ಚರ್ ನೋಡೂದಿಲ್ಲೇನು?”

“ಖುದ್ದ ಮನಷ್ಯಾನ್ನ ನೋಡಿ, ಪಟಕಾ ಸುತ್ತಿ ಕಳಿಸೇವಲ್ಲೋ ತಮ್ಮಾ. ಇನ್ನ ಪಡದೇ ಮ್ಯಾಲ ಅವನ ನೆಳ್ಳ ಯಾಕ ನೋಡಬೇಕು?”

ಕುಹಕದ ಮಾತಲ್ಲ, ಅಜ್ಜ ನಿಜವಾಗಿಯೂ ಕೇಳಿದ್ದ. ಅತಿಥಿ ಬರುತ್ತಾನೆಂದು ಜನರನ್ನು ಕರೆದೆವು, ಅವರು ಬಂದರು, ಅತಿಥಿಗೆ ಸತ್ಕಾರ ಮಾಡಿ ಕಳಿಸಿಕೊಟ್ಟರು. ಅವರ ಪಾಲಿನ ಕೆಲಸ ಮುಗಿಯಿತು. ಅಷ್ಟು ದಿನ ಮೈಕಿನಲ್ಲಿ ಅರಚಿದೆವಲ್ಲ, ಕಥೆ ಏನೆಂದು ಒಂದು ಮಾತಾದರೂ ಹೇಳಿದ್ದೆವೇ? ಚಿತ್ರ ಚೆನ್ನಾಗಿತ್ತು ಸ್ವಾಮಿ, ಅದೇ ನನ್ನ ಸಂಕಟ.

ಮೊನ್ನೆ ಹೋದಾಗ ಟಾಕೀಸಿನ ಕುರ್ಚಿಗಳನ್ನು ಕೀಳುತ್ತಿದ್ದರು. “ಜನಾ ಬಂದಿದ್ರಲ್ರಿ ಸರ, ನೀವೂ ಕಣ್ಣಾರೆ ನೋಡೀರಲಾ?” ಅಂದರು ಜಿನ್ನಪ್ಪಣ್ಣ. ಹೌದೆಂದೆ. ಕಿತ್ತ ಕುರ್ಚಿಯೊಂದರ ಇನ್ನೊಂದು ತುದಿಗೆ ಕೈ ಕೊಟ್ಟೆ.

ಇವತ್ತಿನ ಪೇಪರಿನಲ್ಲಿ ಅದೇ ಚಿತ್ರದ ಜಾಹೀರಾತಿದೆ. ನಮ್ಮೂರ ಜನಸಾಗರದ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ ‘ರಾಯಬಾಗದಲ್ಲಿ ಭರ್ಜರಿ ಯಶಸ್ಸು’. ಅದನ್ನು ಕಂಡು ಅಥಣಿ ಕಡೆಯ ಟಾಕೀಸಿನ ಮಾಲೀಕರೊಬ್ಬರು ಹೀರೋನನ್ನು ಕರೆಸಲು ಹೊರಟಿದ್ದಾರಂತೆ. ಟ್ರ್ಯಾಕ್ಟರಿಗೆ ಆಗಲೇ ಬಣ್ಣ ಹೊಡೆಸುತ್ತಿದ್ದಾರಂತೆ.

ಅವರಿಗೆ ಯಾರು ಹೇಳಬೇಕು, ಹೇಳಿದರೆ ಯಾಕಾದರೂ ನಂಬಬೇಕು?